ಆಮೇಲೆ ನಿಮ್ಮನ್ನೂ ಕರೆಸಿಕೊಳ್ಳುತ್ತೇವೆ



ಕಳೆದ ತಿಂಗಳು ಒಂದು ಭಾನುವಾರ ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಎಪ್ಪತ್ತಮೂರು ವರ್ಷದವರು. ಮೂವತ್ತು ವರ್ಷ ನಮ್ಮ ಧರ್ಮಕೇಂದ್ರದ ಗಾನವೃಂದದಲ್ಲಿ ಹಾಡಿದವರು. ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು, "ಮೇಷ್ಟ್ರೇ, ಈ ಸೂಪರ್ ವೀಸಾ ಅಂದರೆ ಏನು? ಅದು ಸಿಕ್ಕಿದರೆ ನಾವಿಬ್ಬರೂ ಅಲ್ಲೇ ಇದ್ದುಬಿಡಬಹುದಾ?" ಎಂದು ಕೇಳಿದರು.

ಅವರ ಮಗ 2019ರಲ್ಲಿ ಹೆಂಡತಿ, ಮಗುವನ್ನು ಕರೆದುಕೊಂಡು ಕೆನಡಾಕ್ಕೆ ಹೋದ. ಮಗಳನ್ನು ಶಿವಮೊಗ್ಗಕ್ಕೆ ಕೊಟ್ಟಿದ್ದಾರೆ. ಮಗ ಹೊರಡುವ ದಿನ ಮನೆಯಲ್ಲಿ ಜಪಸರ ಮಾಡಿ, ಊಟ ಮಾಡಿ, ಎಲ್ಲರೂ ಅತ್ತರಂತೆ. ಆಗ ಮಗ ತಾಯಿಯ ಕೈ ಹಿಡಿದು, "ಯಾಕೆ ಅಳುತ್ತೀಯಮ್ಮಾ, ಒಂದೆರಡು ವರ್ಷ ಅಷ್ಟೇ. ಆಮೇಲೆ ನಿಮ್ಮನ್ನೂ ಕರೆಸಿಕೊಳ್ಳುತ್ತೇವೆ" ಎಂದನಂತೆ. ಆರು ವರ್ಷಕ್ಕೂ ಮೇಲಾಯಿತು. ಈಗ ಫೋನಿನಲ್ಲಿ ಸೂಪರ್ ವೀಸಾ ಎಂಬ ಮಾತು ಬಂದಿದೆ. ಮಗ ಹೇಳಿದ್ದನ್ನು ಮರೆಯದಿರಲೆಂದು ತಂದೆ ಕಾಗದದಲ್ಲಿ ಬರೆದುಕೊಂಡಿದ್ದಾರೆ.

ನನಗೆ ತಿಳಿದಷ್ಟನ್ನು ಹೇಳಿದೆ. ಅದು ಹೋಗಿ ಬರುವ ವೀಸಾ. 2022ರ ಜುಲೈಯಿಂದ ಒಂದು ಸಲ ಹೋದರೆ ಐದು ವರ್ಷದವರೆಗೆ ಇರಲು ಬಿಡುತ್ತಾರೆ. ಆದರೆ ಅದು ಕಾಯಂ ವಾಸದ ಹಕ್ಕಲ್ಲ. ಅಲ್ಲಿನ ಸರ್ಕಾರದ ಆರೋಗ್ಯ ಸೌಲಭ್ಯವೂ ಅದರಿಂದ ಬರುವುದಿಲ್ಲ. ಕನಿಷ್ಠ ಒಂದು ಲಕ್ಷ ಕೆನಡಾ ಡಾಲರಿನ ವೈದ್ಯಕೀಯ ವಿಮೆಯನ್ನು ಮೊದಲೇ ಮಾಡಿಸಬೇಕು. ಹಿರಿಯರು ಕಾಗದವನ್ನು ಮತ್ತೆ ಮಡಿಸಿ ಜೇಬಿಗೆ ಹಾಕಿಕೊಂಡರು. "ಹಾಗಾದರೆ ಅವನು ಅವತ್ತು ಕರೆಸಿಕೊಳ್ಳುತ್ತೇನೆ ಅಂದದ್ದು ಇದನ್ನೇನಾ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಈ ವಾರ ನಿಮ್ಮೊಡನೆ ಯೋಚಿಸಬೇಕೆಂದು ಕುಳಿತಿರುವುದು ಆ ಪ್ರಶ್ನೆಯನ್ನೇ. ನಿಮ್ಮಲ್ಲಿ ಕೆಲವರು ಆ ಮಾತನ್ನು ಹೇಳಿದವರು, ಕೆಲವರು ಕೇಳಿಸಿಕೊಂಡವರು. ಇನ್ನು ಕೆಲವರು ಈ ವರ್ಷ ಹೇಳಲಿರುವವರು.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸೋಣ. ನಮ್ಮ ಹಿಂದಿನ ತಲೆಮಾರಿನವರೂ ಪರದೇಶಕ್ಕೆ ಹೋದರು. ಕುವೈತ್, ದುಬೈ, ಮಸ್ಕತ್ ಎಂದು ಹೋದವರ ಹಣದಿಂದ ಎಷ್ಟು ಮನೆಗಳು ಎದ್ದವು, ಎಷ್ಟು ತಂಗಿಯರ ಮದುವೆಗಳಾದವು! ಆದರೆ ಆ ದೇಶಗಳು ಅವರನ್ನು ತಮ್ಮವರೆಂದು ಬರೆದುಕೊಳ್ಳಲಿಲ್ಲ. ಕೆಲಸ ಮುಗಿದರೆ ಊರಿಗೆ ಮರಳಲೇಬೇಕಿತ್ತು. ಆದ್ದರಿಂದ ಮನೆಯನ್ನು ಇಲ್ಲೇ ಕಟ್ಟಿದರು, ಸಮಾಧಿಯ ಜಾಗವೂ ಇಲ್ಲೇ ಎಂದು ತಿಳಿದಿದ್ದರು. ಈಗಿನ ಹೋಗುವಿಕೆ ಬೇರೆ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕಗಳಿಗೆ ಕುಶಲ ಕೆಲಸಗಾರರಾಗಿ ಹೋಗುವವರು ಬಹುಪಾಲು ಅಲ್ಲೇ ನೆಲೆಸಲೆಂದು ಹೋಗುತ್ತಾರೆ. ಭಾರತದ ಕಾನೂನು ಎರಡು ದೇಶಗಳ ಪೌರತ್ವವನ್ನು ಒಪ್ಪುವುದಿಲ್ಲ. ಅಲ್ಲಿಯ ಪೌರರಾದ ದಿನ ಇಲ್ಲಿಯ ಪೌರತ್ವ ಹೋಗುತ್ತದೆ, ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುತ್ತದೆ. ವಿದೇಶಾಂಗ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2022ರಲ್ಲಿ 2,25,620 ಮಂದಿ, 2023ರಲ್ಲಿ 2,16,219 ಮಂದಿ ಭಾರತದ ಪೌರತ್ವ ಬಿಟ್ಟರು. ಒಂದೆರಡು ವರ್ಷ ನೋಡೋಣ ಎಂದು ಹೊರಟ ಪ್ರಯಾಣದ ಕೊನೆ ಹೀಗೂ ಇರುತ್ತದೆ.

ಹೋಗುವುದು ಪಾಪವೇ? ಅಲ್ಲ. ಧರ್ಮಸಭೆ ಎಂದೂ ಹಾಗೆ ಹೇಳಿಲ್ಲ. 1952ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ವಲಸಿಗರ ಕುರಿತು ಹೊರಡಿಸಿದ ಶಾಸನ ಪತ್ರದಲ್ಲಿ, ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸೆ ಕುಟುಂಬಗಳಿಗೂ ಮಾದರಿಯೆಂದು ತೋರಿಸಿದರು. 1963ರಲ್ಲಿ ಪೋಪ್ ಇಪ್ಪತ್ತಮೂರನೆಯ ಜಾನ್, ನ್ಯಾಯವಾದ ಕಾರಣವಿದ್ದರೆ ಬೇರೆ ದೇಶಕ್ಕೆ ಹೋಗಿ ನೆಲೆಸುವುದು ಮನುಷ್ಯನ ಹಕ್ಕೆಂದು ಬರೆದರು. ಅದರ ಜೊತೆಗೆ ಇನ್ನೊಂದು ಹಕ್ಕೂ ಇದೆ. ವಲಸೆ ಹೋಗದೆ ತನ್ನ ನೆಲದಲ್ಲೇ ಗೌರವದಿಂದ ಬಾಳುವ ಹಕ್ಕು. 2013ರ ವಲಸಿಗರ ದಿನದ ಸಂದೇಶದಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟ್ ಅದನ್ನು ಒತ್ತಿ ಹೇಳಿದರು. 2023ರಲ್ಲಿ ಪೋಪ್ ಫ್ರಾನ್ಸಿಸ್ ಹೋಗುವ ಸ್ವಾತಂತ್ರ್ಯ, ಉಳಿಯುವ ಸ್ವಾತಂತ್ರ್ಯ ಎರಡನ್ನೂ ಸೇರಿಸಿ ಆ ದಿನದ ವಿಷಯವನ್ನಾಗಿ ಆರಿಸಿದರು. ಆದ್ದರಿಂದ ಹೋಗುವ ಮಗನನ್ನು ಅಪರಾಧಿಯಂತೆ ನೋಡುವವರ ಗುಂಪಿಗೆ ನಾನು ಸೇರಿದವನಲ್ಲ.

ಆದರೆ ಹೋಗುವ ದಾರಿ ಯಾವುದು, ಅದರ ಬಾಗಿಲಲ್ಲಿ ಯಾರನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ತಂದೆತಾಯಿಯರೂ ತಿಳಿದಿರಬೇಕು. ಎಷ್ಟೋ ಮನೆಗಳಲ್ಲಿ ಅದು ಮಗನಿಗೂ ಸೊಸೆಗೂ ಏಜೆಂಟನಿಗೂ ಮಾತ್ರ ತಿಳಿದಿರುವ ಗುಟ್ಟು.

ಕೆನಡಾದ ವಿಷಯವನ್ನೇ ತೆಗೆದುಕೊಳ್ಳಿ. ಆ ದೇಶ ಬಹಳ ಕಾಲ ಬಣ್ಣ ನೋಡಿ ಜನರನ್ನು ಒಳಗೆ ಬಿಡುತ್ತಿತ್ತು. 1914ರಲ್ಲಿ ಕೊಮಗಾಟ ಮಾರು ಎಂಬ ಹಡಗು 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ಬಂದರಿಗೆ ಬಂತು. ಅವರಲ್ಲಿ ಬಹುಪಾಲು ಪಂಜಾಬಿನವರು. ಕೆಲವರನ್ನು ಬಿಟ್ಟು ಉಳಿದವರನ್ನೆಲ್ಲ ಹಿಂದಕ್ಕೆ ಕಳಿಸಿದರು. 1962ರಲ್ಲಿ ಜನಾಂಗಭೇದವನ್ನು ಬಹುಮಟ್ಟಿಗೆ ಕೈಬಿಟ್ಟು, 1967ರಲ್ಲಿ ಅಂಕಗಳ ಪದ್ಧತಿಯನ್ನು ತಂದರು. ಯಾವ ದೇಶದವನು, ಯಾವ ಬಣ್ಣದವನು ಎಂದು ಕೇಳುವುದನ್ನು ಬಿಟ್ಟು ಏನು ಓದಿದ್ದಾನೆ, ಯಾವ ಕೆಲಸ ಬಲ್ಲ, ಭಾಷೆ ಬರುತ್ತದೆಯೇ ಎಂದು ಕೇಳತೊಡಗಿದರು. ಇದು ದೊಡ್ಡ ನ್ಯಾಯವೇ ಸರಿ. ನಮ್ಮ ಮಕ್ಕಳಿಗೆ ಬಾಗಿಲು ತೆರೆದದ್ದು ಅದರಿಂದಲೇ.

ಅದೇ ಪದ್ಧತಿಯ ಈಗಿನ ರೂಪ 2015ರ ಜನವರಿಯಲ್ಲಿ ಬಂದ ಎಕ್ಸ್‌ಪ್ರೆಸ್ ಎಂಟ್ರಿ. ಒಟ್ಟು 1200 ಅಂಕಗಳ ಪಟ್ಟಿ. ಒಬ್ಬಂಟಿಯಾಗಿ ಅರ್ಜಿ ಹಾಕುವವನಿಗೆ ವಯಸ್ಸು ಇಪ್ಪತ್ತರಿಂದ ಇಪ್ಪತ್ತೊಂಬತ್ತರೊಳಗಿದ್ದರೆ 110 ಅಂಕ. ಮೂವತ್ತೈದಾದರೆ 77. ನಲವತ್ತಾದರೆ 50. ನಲವತ್ತನಾಲ್ಕಕ್ಕೆ 6. ನಲವತ್ತೈದು ತುಂಬಿದವನಿಗೆ ಸೊನ್ನೆ. ಪ್ರತಿ ಹುಟ್ಟುಹಬ್ಬಕ್ಕೂ ಅಂಕ ಕಳೆಯುತ್ತದೆ! ಆಸ್ಟ್ರೇಲಿಯಾದ ಪಟ್ಟಿಯಲ್ಲಿ ಇಪ್ಪತ್ತೈದರಿಂದ ಮೂವತ್ತೆರಡರವರಿಗೆ 30 ಅಂಕ, ನಲವತ್ತು ದಾಟಿದವರಿಗೆ 15, ನಲವತ್ತೈದಾದರೆ ಸಾಮಾನ್ಯವಾಗಿ ಆ ದಾರಿಯೇ ಇಲ್ಲ. ಜರ್ಮನಿ 2024ರಲ್ಲಿ ತೆರೆದ ಅವಕಾಶ ಪತ್ರದಲ್ಲೂ ವಯಸ್ಸಿನ ಅಂಕವಿದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕುವ ಕುರುಬನ ಲೆಕ್ಕ ಇದಲ್ಲ, ಸಂತೆಯಲ್ಲಿ ಹಲ್ಲು ಹಿಡಿದು ನೋಡಿ ಎತ್ತು ಕೊಳ್ಳುವವನ ಲೆಕ್ಕ. ಅದಕ್ಕಾಗಿ ಆ ದೇಶಗಳನ್ನು ಬೈಯಬೇಕಾಗಿಲ್ಲ. ದುಡಿದು ತೆರಿಗೆ ಕಟ್ಟುವವರು ಅವರಿಗೆ ಬೇಕು, ಅದನ್ನು ಮುಚ್ಚಿಡದೆ ಹೇಳುತ್ತಾರೆ.

ಈ ಪಟ್ಟಿಯನ್ನು ಓದುವಾಗಲೆಲ್ಲ ನನಗೆ ಪಿತಾಮಹ ಅಬ್ರಹಾಮ ನೆನಪಾಗುತ್ತಾನೆ. ದೇವರ ಮಾತಿಗೆ ಓಗೊಟ್ಟು ಹಾರಾನಿನಿಂದ ಹೊರಟಾಗ ಅವನಿಗೆ ಎಪ್ಪತ್ತೈದು ವರ್ಷ. ಸೊನ್ನೆ ಅಂಕ! ಇರಲಿ, ಅವನ ಬಳಿಗೆ ಮತ್ತೆ ಬರೋಣ.

ಆ ಪಟ್ಟಿಯಲ್ಲಿ ಬಂಧುಬಳಗದ ಲೆಕ್ಕ ಹೇಗಿದೆ ಎಂದು ನೋಡಿ. ಅಣ್ಣನೋ ತಂಗಿಯೋ ಆಗಲೇ ಕೆನಡಾದಲ್ಲಿ ನೆಲೆಸಿದ್ದರೆ 15 ಅಂಕ. ಜೊತೆಯಲ್ಲಿ ಕರೆದೊಯ್ಯಬಹುದಾದ ಕುಟುಂಬವೆಂದರೆ ಗಂಡ ಅಥವಾ ಹೆಂಡತಿ, ಇಪ್ಪತ್ತೆರಡು ತುಂಬದ ಮದುವೆಯಾಗದ ಮಕ್ಕಳು. ತಂದೆತಾಯಿ ಆ ಮಾತಿನ ಅರ್ಥದಲ್ಲಿ ಕುಟುಂಬವಲ್ಲ. ಒಂದೇ ಅಡಿಗೆಮನೆಯಲ್ಲಿ ಉಂಡು, ಒಂದೇ ಪೀಠದ ಮುಂದೆ ಜಪಸರ ಹೇಳಿದವರ ನಡುವೆ ಅರ್ಜಿಯ ಒಂದು ಸಾಲು ಗೆರೆ ಎಳೆಯುತ್ತದೆ.

ಅಂಕ ಇಲ್ಲದವರಿಗೆ ಇನ್ನೊಂದು ಬಾಗಿಲುಂಟು, ಹಣದ್ದು. ಅಮೆರಿಕ 1990ರ ಕಾಯಿದೆಯಿಂದ ಬಂಡವಾಳಗಾರರಿಗೆ ಹಸಿರು ಕಾರ್ಡಿನ ದಾರಿ ಮಾಡಿತು. 2022ರ ಮಾರ್ಚಿನಿಂದ ಅದಕ್ಕೆ ಸರ್ಕಾರ ಗುರುತಿಸಿದ ಪ್ರದೇಶಗಳಲ್ಲಿ ಎಂಟು ಲಕ್ಷ ಡಾಲರ್, ಉಳಿದೆಡೆ ಹತ್ತು ಲಕ್ಷದ ಐವತ್ತು ಸಾವಿರ ಡಾಲರ್ ಹೂಡಬೇಕು, ಹತ್ತು ಮಂದಿಗೆ ಕೆಲಸ ಹುಟ್ಟಬೇಕು. ಇಲ್ಲಿ ವಯಸ್ಸಿಗೆ ಅಂಕ ಕಳೆಯುವುದಿಲ್ಲ, ಓದನ್ನೂ ಕೇಳುವುದಿಲ್ಲ. ನಲವತ್ತೈದಕ್ಕೆ ಮುದುಕನೆನಿಸುವ ಮೇಷ್ಟ್ರು ಎಲ್ಲಿ, ಅರುವತ್ತರಲ್ಲೂ ಬೇಕಾಗುವ ಸಾಹುಕಾರನೆಲ್ಲಿ! ಈ ಬಗೆಯ ಮಾರಾಟ ಸರಿಯಲ್ಲವೆಂದೋ ಇದರಿಂದ ಲಾಭವಿಲ್ಲವೆಂದೋ ಹಲವು ದೇಶಗಳು ಬಾಗಿಲು ಹಾಕಿವೆ. ಕೆನಡಾದ ಕೇಂದ್ರ ಸರ್ಕಾರ 2014ರಲ್ಲಿ, ಬ್ರಿಟನ್ 2022ರಲ್ಲಿ, ಐರ್ಲೆಂಡ್ 2023ರಲ್ಲಿ ತಮ್ಮ ಬಂಡವಾಳಗಾರರ ಯೋಜನೆಯನ್ನು ನಿಲ್ಲಿಸಿದವು. ಆಸ್ಟ್ರೇಲಿಯಾ 2024ರಲ್ಲಿ, ಸ್ಪೇನ್ 2025ರಲ್ಲಿ ಅದೇ ಹಾದಿ ಹಿಡಿದವು.

ನಮ್ಮಲ್ಲಿ ಅಷ್ಟು ಹಣ ಯಾರಿಗಿದೆ ಎನ್ನಬೇಡಿ. ಬೆಂಗಳೂರಿನ ಒಂದು ಸೈಟು, ಮಲೆನಾಡಿನ ಒಂದು ಕಾಫಿ ತೋಟ ಮಾರಿದರೆ ಆ ಮೊತ್ತದ ಹತ್ತಿರ ಬರುವ ಕುಟುಂಬಗಳು ನಮ್ಮ ನಡುವೆಯೂ ಇವೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್ ಮಾತ್ರ ಹೊರಗೆ ಕಳಿಸಬಹುದು. ಎಂಟು ಲಕ್ಷ ಒಂದೇ ವರ್ಷದಲ್ಲಿ ಬೇಕೆಂದರೆ ನಾಲ್ಕು ಮಂದಿಯ ಹೆಸರು ಬೇಕು. ಆಗ ಯಾರ ಹೆಸರು ನೆನಪಾಗುತ್ತದೆ, ಹೇಳಿ? ಅಪ್ಪನದು, ಅಮ್ಮನದು. ತೋಟವನ್ನು ಮಾರಲು ಅವರ ಸಹಿ, ಹಣ ಕಳಿಸಲು ಅವರ ಹೆಸರು. ವೀಸಾ ಬರುವುದು ಮಾತ್ರ ಮಗನಿಗೆ, ಸೊಸೆಗೆ, ಇಪ್ಪತ್ತೊಂದು ತುಂಬದ ಮೊಮ್ಮಕ್ಕಳಿಗೆ. ಕೊಡುವುದು ತಪ್ಪಲ್ಲ. ತಂದೆ ಬದುಕಿರುವಾಗಲೇ ಆಸ್ತಿ ಹಂಚಿಕೊಟ್ಟ ಕಥೆ ಶುಭಸಂದೇಶದಲ್ಲೂ ಇದೆ. ಆದರೆ ಸಹಿ ಹಾಕುವ ಕೈಗೆ ತಾನು ಯಾವುದಕ್ಕೆ ಸಹಿ ಹಾಕುತ್ತಿದ್ದೇನೆಂದು ತಿಳಿದಿರಬೇಡವೇ?

ಈಗ ಆ ಒಂದು ಮಾತಿಗೆ ಬರೋಣ. ಆಮೇಲೆ ನಿಮ್ಮನ್ನೂ ಕರೆಸಿಕೊಳ್ಳುತ್ತೇವೆ. ಅದು ಎಷ್ಟು ನಿಜ?

ಕೆನಡಾದಲ್ಲಿ ತಂದೆತಾಯಿ, ಅಜ್ಜ ಅಜ್ಜಿಯರನ್ನು ಕಾಯಂ ಆಗಿ ಕರೆಸುವ ಯೋಜನೆಯೊಂದಿದೆ. 2020ರಲ್ಲಿ ಮಕ್ಕಳಿಂದ ಹೆಸರು ತೆಗೆದುಕೊಂಡರು. ಅಲ್ಲಿಂದ 2025ರವರೆಗೂ ಆ ಹಳೆಯ ಪಟ್ಟಿಯಿಂದಲೇ ಚೀಟಿ ಎತ್ತಿದಂತೆ ಆರಿಸಿ ಆಹ್ವಾನ ಕಳಿಸಿದರು. 2021ರಲ್ಲಿ ಹೋದವನಿಗೆ ಹೆಸರು ಕೊಡುವ ಅವಕಾಶವೇ ಆ ವರ್ಷಗಳಲ್ಲಿ ಸಿಗಲಿಲ್ಲ. ಆಸ್ಟ್ರೇಲಿಯಾದಲ್ಲಿ ತಂದೆತಾಯಿಯ ವೀಸಾಕ್ಕೆ ಅರ್ಜಿ ಹಾಕಬೇಕಾದರೆ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಅಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವ ಒಂದು ದೇಶಕ್ಕಿಂತ ಹೆಚ್ಚು ಮಕ್ಕಳು ಅಲ್ಲಿರಬೇಕು. ಹೆಚ್ಚು ಹಣ ಕಟ್ಟುವ ವೀಸಾಕ್ಕೆ ಒಬ್ಬೊಬ್ಬರಿಗೂ ನಲವತ್ತು ಸಾವಿರಕ್ಕೂ ಮೇಲ್ಪಟ್ಟು ಅಲ್ಲಿಯ ಡಾಲರ್, ಆದರೂ ವರ್ಷಗಟ್ಟಲೆ ಕಾಯಬೇಕು. ಅಷ್ಟು ಹಣ ಕಟ್ಟದ ವೀಸಾಕ್ಕೆ ಕಾಯುವ ಕಾಲ ಸುಮಾರು ಮೂವತ್ತು ವರ್ಷ. ಎಪ್ಪತ್ತರ ಮುದುಕ ನೂರರಲ್ಲಿ ವಿಮಾನ ಹತ್ತಬೇಕು! ಆ ದೇಶದ ಸರ್ಕಾರವೇ ನೇಮಿಸಿದ ಸಮಿತಿ 2023ರಲ್ಲಿ, ಬಹುಶಃ ಎಂದೂ ಬಾರದ ವೀಸಾಕ್ಕೆ ಅರ್ಜಿ ಹಾಕಿಸಿಕೊಳ್ಳುವುದು ಕ್ರೂರವೆಂದು ಬರೆಯಿತು. ಅಮೆರಿಕದ ನಿಯಮ ಈ ವಿಷಯದಲ್ಲಿ ಉದಾರ, ಅದನ್ನು ಹೇಳದಿದ್ದರೆ ನ್ಯಾಯವಾಗದು. ಇಪ್ಪತ್ತೊಂದು ದಾಟಿದ ಪೌರನು ತಂದೆತಾಯಿಯನ್ನು ಕರೆಸಲು ವರ್ಷಕ್ಕಿಷ್ಟೇ ಎಂಬ ಮಿತಿಯಿಲ್ಲ. ಆದರೆ ಮೊದಲು ಪೌರನಾಗಬೇಕು. ಅದಕ್ಕೆ ಮೊದಲು ಹಸಿರು ಕಾರ್ಡು ಬೇಕು. ಉದ್ಯೋಗದ ದಾರಿಯ ಕಾರ್ಡುಗಳಲ್ಲಿ ಒಂದೊಂದು ದೇಶದವರಿಗೆ ಶೇಕಡಾ ಏಳರ ಮಿತಿ ಇರುವುದರಿಂದ ಭಾರತದವರ ಸಾಲು ದಶಕಗಳಷ್ಟು ಉದ್ದವಾಗಿದೆ.

ಇದೆಲ್ಲ ಗುಟ್ಟೇನಲ್ಲ. ಅರ್ಜಿ ಹಾಕುವಷ್ಟು ಓದಿದವನು ಇದನ್ನೂ ಓದಬಲ್ಲ. ಆದರೂ ಹೊರಡುವ ರಾತ್ರಿ ಆ ಮಾತು ಬಾಯಿಗೆ ಬಂದುಬಿಡುತ್ತದೆ. ಸುಳ್ಳು ಹೇಳಬೇಕೆಂದಲ್ಲ, ತಾಯಿಯ ಕಣ್ಣೀರು ನಿಲ್ಲಲಿ ಎಂದು. ನಾನು ಆ ಮಗನ ಜಾಗದಲ್ಲಿದ್ದರೆ ನಾನೂ ಹೇಳುತ್ತಿದ್ದೆನೇನೋ. ಪಾಪನಿವೇದನೆಯಲ್ಲಿ ಯಾರೂ ನಿವೇದಿಸದ ಮಾತು ಇದು. ಸಮಾಧಾನವೆಂದು ತಿಳಿದಿರುವುದರಿಂದ ಅದು ಪಾಪದ ಪಟ್ಟಿಗೆ ಬರುವುದೇ ಇಲ್ಲ.

ಆ ಮಾತಿನಿಂದ ಆಗುವ ನಷ್ಟವೇನೆಂದು ಅಂಗಳದಲ್ಲಿ ಸಿಕ್ಕ ಹಿರಿಯರೊಡನೆ ಮಾತಾಡುತ್ತ ನನಗೆ ತಿಳಿಯಿತು. ಅವರ ಮನೆಯ ಹೆಂಚು ಐದು ವರ್ಷದಿಂದ ಸೋರುತ್ತಿದೆ. ಹೇಗೂ ಹೋಗುವವರು, ಈಗ ಯಾಕೆ ಖರ್ಚು ಎಂದು ಬಿಟ್ಟರು. ಹಸುವನ್ನು ಮಾರಿದರು. ಹಿತ್ತಲಿನಲ್ಲಿ ಒಣಗಿದ ಅಡಿಕೆ ಮರಗಳ ಜಾಗದಲ್ಲಿ ಸಸಿ ನೆಡಲಿಲ್ಲ. ತಾಯಿಗೆ ಕಣ್ಣಿನ ಪೊರೆ ಬಂದಿತ್ತು, ಅಲ್ಲಿಯ ಆಸ್ಪತ್ರೆಯಲ್ಲಿ ಚೆನ್ನಾಗಿ ಮಾಡುತ್ತಾರಂತೆ ಎಂದು ಎರಡು ವರ್ಷ ತಡ ಮಾಡಿದರು. ಕೊನೆಗೆ ಮಗಳು ಶಿವಮೊಗ್ಗದಿಂದ ಬಂದು ಹಟ ಹಿಡಿದು ಮಾಡಿಸಿದಳು. ರೈಲಿಗೆ ಕಾಯುವವರು ಗಂಟುಮೂಟೆ ಕಟ್ಟಿ ಪ್ಲಾಟ್‌ಫಾರ್ಮಿನಲ್ಲಿ ಕುಳಿತಂತೆ ಆ ಇಬ್ಬರು ತಮ್ಮ ಸ್ವಂತ ಮನೆಯಲ್ಲೇ ಆರು ವರ್ಷ ಕುಳಿತರು. ಮಗ ಹೋದದ್ದರಿಂದ ಬಂದ ಕಷ್ಟವಲ್ಲ ಇದು. ಆ ಒಂದು ಮಾತಿನಿಂದ ಬಂದದ್ದು.

ಅಬ್ರಹಾಮನ ಬಳಿಗೆ ಬರೋಣ ಎಂದಿದ್ದೆ. ಆದಿಕಾಂಡವನ್ನು ಕೈಗೆ ತೆಗೆದುಕೊಂಡು ಹನ್ನೊಂದನೆಯ ಅಧ್ಯಾಯದ ಕೊನೆಯನ್ನೂ ಹನ್ನೆರಡರ ಮೊದಲನ್ನೂ ಓದಿ, ಜೊತೆಗೆ ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಅಬ್ರಾಮ ಹುಟ್ಟಿದ ಲೆಕ್ಕ ಬರುವಾಗ ತಂದೆ ತೆರಹನಿಗೆ ಎಪ್ಪತ್ತು ವರ್ಷ. ಅಬ್ರಾಮ ಹಾರಾನನ್ನು ಬಿಟ್ಟಾಗ ಅವನಿಗೆ ಎಪ್ಪತ್ತೈದು. ಅಂದರೆ ತಂದೆಗೆ ಆಗ ನೂರನಲವತ್ತೈದು. ತೆರಹ ಸತ್ತದ್ದು ಇನ್ನೂರೈದರಲ್ಲಿ. ಈ ಲೆಕ್ಕದಂತೆ ಮಗ ಹೋದ ಮೇಲೂ ತಂದೆ ಅರುವತ್ತು ವರ್ಷ ಹಾರಾನಿನಲ್ಲಿ ಬದುಕಿದ್ದ! ಆದರೆ ತೆರಹನ ಸಾವನ್ನು ಮೊದಲು ಬರೆದು, ಆಮೇಲೆ ಅಬ್ರಾಮ ಹೊರಟದ್ದನ್ನು ಬರೆದಿದೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಸ್ತೆಫನನೂ ತಂದೆ ಸತ್ತ ಮೇಲೆಯೇ ಹೊರಟನೆನ್ನುತ್ತಾನೆ. ಎರಡನ್ನೂ ಹೊಂದಿಸಲು ಪಂಡಿತರು ಬಹಳ ಶ್ರಮಪಟ್ಟಿದ್ದಾರೆ.

ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ರಾಶಿ ಎಂಬ ಯೆಹೂದ್ಯ ಪಂಡಿತ ತನಗಿಂತ ಹಿಂದಿನ ಗುರುಗಳ ಮಾತನ್ನು ಅನುಸರಿಸಿ ಇದಕ್ಕೆ ಕೊಡುವ ಕಾರಣ ಕೇಳಿ. ಮುಪ್ಪಿನ ತಂದೆಯನ್ನು ಬಿಟ್ಟು ಹೋದ, ತಂದೆಗೆ ಗೌರವ ಕೊಡಲಿಲ್ಲ ಎಂದು ಜನ ಆಡಿಕೊಳ್ಳಬಾರದಲ್ಲ, ಅದಕ್ಕಾಗಿ ಸಾವನ್ನು ಮುಂಚೆಯೇ ಬರೆದಿದೆ ಎನ್ನುತ್ತಾನೆ. ನೋಡಿದಿರಾ? ದೇವರೇ ಕರೆದ ಮನುಷ್ಯನ ವಿಷಯದಲ್ಲೂ ಬಿಟ್ಟುಬಂದ ಮುದಿ ತಂದೆಯ ಪ್ರಶ್ನೆ ಓದುವವರನ್ನು ಸುಮ್ಮನಿರಲು ಬಿಡಲಿಲ್ಲ. ಹಾಗಿರುವಾಗ ನಮ್ಮ ಪ್ರಶ್ನೆಯೂ ಸುಲಭವಾಗಿ ತೀರಬೇಕೆಂದು ಯಾಕೆ ಬಯಸಬೇಕು? ಇತ್ತೀಚೆಗೆ ಪ್ರಾರ್ಥನಾಕೂಟಗಳಲ್ಲಿ, ಕೆನಡಾದಿಂದ ಆಹ್ವಾನ ಬಂತು, ಇದು ದೇವರ ಕರೆ ಎಂದು ಸಾಕ್ಷಿ ಹೇಳುವುದನ್ನು ಕೇಳಿದ್ದೇನೆ. ಉಪಕಾರಸ್ಮರಣೆ ಒಳ್ಳೆಯದೇ. ಆದರೆ ಆ ಆಹ್ವಾನ ಕಳಿಸಿದ್ದು ಕಂಪ್ಯೂಟರು, ಅಂಕ ನೋಡಿ. ಅದನ್ನು ಅಬ್ರಹಾಮನಿಗೆ ಬಂದ ಕರೆಗೆ ಸಮವೆಂದು ಹೇಳಿಬಿಟ್ಟರೆ ಮುಂದೆ ಮನೆಯಲ್ಲಿ ಯಾರೂ ಬಾಯಿ ತೆರೆಯುವ ಹಾಗಿಲ್ಲ.

ದೇವರ ಹೆಸರನ್ನು ಹೀಗೆ ಅಡ್ಡ ಹಿಡಿಯುವುದು ಹಳೆಯ ರೋಗ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲು ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದವರನ್ನು ಯೇಸುಸ್ವಾಮಿ ಗದರಿಸಿದ್ದನ್ನು ಸಂತ ಮಾರ್ಕರ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಓದುತ್ತೇವೆ. ನಮ್ಮ ಕಾಲದ ಕೊರ್ಬಾನ್ ಬೇರೆ ಹೆಸರಿನಲ್ಲಿ ಬರುತ್ತದೆ. ಮಕ್ಕಳ ಭವಿಷ್ಯ ಎಂಬುದೇ ಆ ಹೆಸರು. ಅದನ್ನು ಹೇಳಿದ ಕೂಡಲೇ ತಾತ ಅಜ್ಜಿ ತಲೆ ತಗ್ಗಿಸುತ್ತಾರೆ.

ತಂದೆತಾಯಿಯರೇ, ನಿಮಗೂ ಒಂದು ಮಾತು. ಅದೇ ಆದಿಕಾಂಡದಲ್ಲಿ ಇನ್ನೊಂದು ವಿಷಯ ಉಂಟು. ಕಾನಾನಿಗೆಂದು ಊರ್ ಪಟ್ಟಣವನ್ನು ಬಿಟ್ಟು ಹೊರಟವನು ಮೊದಲು ತೆರಹನೇ. ಮಗನನ್ನು ಕರೆದುಕೊಂಡು ಹೊರಟ, ಹಾರಾನಿಗೆ ಬಂದು ಅಲ್ಲೇ ನಿಂತುಬಿಟ್ಟ. ಮಗ ಮುಂದೆ ಹೋದ. ಎಲ್‌ಕೆಜಿಯಿಂದಲೇ ಇಂಗ್ಲಿಷ್ ಶಾಲೆಗೆ ಹಾಕಿ, ಮನೆಯಲ್ಲಿ ಕನ್ನಡ ಆಡಿದರೆ ಕಣ್ಣು ಬಿಟ್ಟು, ಪಕ್ಕದ ಮನೆಯವನ ಮಗ ಆಸ್ಟ್ರೇಲಿಯಾದಲ್ಲಿದ್ದಾನೆ ನೀನು ಇಲ್ಲೇ ಇದ್ದೀಯ ಎಂದು ಮೂದಲಿಸಿದವರು ನಾವೇ ಅಲ್ಲವೇ? ನರ್ಸಿಂಗ್ ಓದಿಸುವಾಗಲೇ ಯಾವ ದೇಶ ಎಂದು ಲೆಕ್ಕ ಹಾಕಿದವರು ಎಷ್ಟು ಮಂದಿ! ಪ್ರಯಾಣವನ್ನು ನಾವೇ ಆರಂಭಿಸಿ, ನಡುದಾರಿಯಲ್ಲಿ ನಿಂತು, ಮಗ ಬಿಟ್ಟುಹೋದ ಎಂದು ಊರೆಲ್ಲ ಹೇಳಿಕೊಳ್ಳುವುದು ಸರಿಯಲ್ಲ. ನನ್ನ ಹೆಣ ಬಿದ್ದ ಮೇಲೆ ಹೋಗು ಎನ್ನುವುದೂ ನಾಲ್ಕನೆಯ ಕಟ್ಟಳೆಯನ್ನು ಕತ್ತಿಯಂತೆ ಬಳಸಿದ ಹಾಗೆ.

ಇನ್ನೊಬ್ಬರನ್ನು ಎಲ್ಲರೂ ಮರೆಯುತ್ತಾರೆ. ಊರಲ್ಲಿ ಉಳಿದ ಮಗ, ಇಲ್ಲವೇ ಹತ್ತಿರದೂರಿಗೆ ಕೊಟ್ಟ ಮಗಳು. ವಿದೇಶದ ಅಣ್ಣ ಬಂದರೆ ಹಬ್ಬ. ರಕ್ತದೊತ್ತಡದ ಮಾತ್ರೆ ತರುವ, ರಾತ್ರಿ ಆಟೋ ಹಿಡಿದು ಆಸ್ಪತ್ರೆಗೆ ಓಡುವ ತಂಗಿಗೆ ಯಾವ ಪಟ್ಟಿಯಲ್ಲೂ ಅಂಕವಿಲ್ಲ. ತಂದೆ ಉಯಿಲು ಬರೆಯದೆ ಸತ್ತರೆ, ತಾಯಿಯ ಪಾಲು ಕಳೆದು ಉಳಿದದ್ದರಲ್ಲಿ ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಮಕ್ಕಳಿಗೆಲ್ಲ ಸಮಪಾಲು. ಕಾನೂನು ಸರಿಯಾಗಿಯೇ ಇದೆ. ಆದರೆ ಹದಿನೈದು ವರ್ಷ ಮಲ ಮೂತ್ರ ತೆಗೆದವಳ ಮುಂದೆ ವಿಮಾನದಿಂದ ಇಳಿದು ಬಂದವನು ಸಮಪಾಲು ಕೇಳಿದರೆ ಅದು ನ್ಯಾಯವೇ? ನನ್ನ ಅಭಿಪ್ರಾಯದಲ್ಲಿ ಅಲ್ಲ. ಉಯಿಲು ಬರೆದಿಡಿ, ಅದೂ ಹೋಗುವವನು ಹೋಗುವುದಕ್ಕೆ ಮುಂಚೆ, ಅವನ ಎದುರಿಗೇ ಬರೆದಿಡಿ. ಅದನ್ನು ಅವನೇ ಕೇಳಿ ಬರೆಸಿದರೆ ಇನ್ನೂ ಒಳ್ಳೆಯದು.

ಶಿಲುಬೆಯ ಮೇಲಿದ್ದ ಯೇಸುಸ್ವಾಮಿಯ ಬಗ್ಗೆ ಎಷ್ಟೋ ಶುಭ ಶುಕ್ರವಾರಗಳಲ್ಲಿ ಪ್ರಬೋಧನೆ ಕೇಳಿದ್ದೇವೆ. ಈ ದೃಷ್ಟಿಯಿಂದ ಒಮ್ಮೆ ನೋಡಿ. ಹೋಗುವ ಮಗ ತಾಯಿಗೆ ಏನು ಮಾಡಿದರು? ಮೂರನೆಯ ದಿನ ಎದ್ದು ಬರುತ್ತೇನೆ, ಅಲ್ಲಿಯವರೆಗೆ ತಡೆದುಕೋ ಎನ್ನಲಿಲ್ಲ. ಎದುರಿಗೆ ನಿಂತಿದ್ದ ಶಿಷ್ಯನನ್ನು ತೋರಿಸಿ ತಾಯಿಯನ್ನು ಅವನಿಗೆ ಒಪ್ಪಿಸಿದರು. ಆ ಶಿಷ್ಯ ಆಗಿನಿಂದಲೇ ಆಕೆಯನ್ನು ತನ್ನ ಮನೆಗೆ ಸೇರಿಸಿಕೊಂಡ ಎಂದು ಸಂತ ಯೊವಾನ್ನರು ಬರೆಯುತ್ತಾರೆ. ಯಾರು, ಎಲ್ಲಿ, ಯಾವಾಗಿನಿಂದ ಎಂಬ ಮೂರೂ ಅಲ್ಲಿ ತೀರ್ಮಾನವಾದವು.

ಅರ್ಜಿಯ ಹಣ ಕಟ್ಟುವ ಮುಂಚೆ ಒಂದು ಸಂಜೆ ಎಲ್ಲರೂ ಕುಳಿತು ಮಾತಾಡಲಿ, ಉಳಿಯುವ ತಂಗಿಯೂ ಅಳಿಯನೂ ಇರಲಿ. ಮಾತು ಕಹಿಯಾಗಬಹುದು. ರಾತ್ರಿ ಎದೆನೋವು ಬಂದರೆ ಯಾರಿಗೆ ಫೋನ್ ಮಾಡುವುದು? ಕಾಯಂ ವಾಸದ ಹಕ್ಕು ಉಳಿಯಬೇಕಾದರೆ ಕೆನಡಾದಲ್ಲಿ ಐದು ವರ್ಷಕ್ಕೆ 730 ದಿನವಾದರೂ ಇರಬೇಕು, ಹಾಗಿರುವಾಗ ತಂದೆ ಆರು ತಿಂಗಳು ಹಾಸಿಗೆ ಹಿಡಿದರೆ ಬಂದಿರಲು ಆಗುತ್ತದೆಯೇ? ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರು ಯಾರ ಮನೆಯಲ್ಲಿ? ಅಂತ್ಯಕ್ರಿಯೆಗೆ ಕಾಯಬೇಕೋ ಬೇಡವೋ? 2020, 2021ರಲ್ಲಿ ಕೊರೋನಾ ಕಾಲದಲ್ಲಿ ಎಷ್ಟು ಮಕ್ಕಳು ತಂದೆತಾಯಿಯ ಗುಂಡಿಗೆ ಮಣ್ಣು ಬೀಳುವುದನ್ನು ಫೋನಿನ ಪರದೆಯಲ್ಲಿ ನೋಡಿದರು, ನಿಮಗೇ ಗೊತ್ತು. 2007ರ ಹಿರಿಯ ನಾಗರಿಕರ ಕಾಯಿದೆ ಹೊರದೇಶದಲ್ಲಿರುವ ಭಾರತದ ಪೌರರಿಗೂ ಅನ್ವಯಿಸುತ್ತದೆ. ಅದು ತಿಂಗಳ ಪೋಷಣೆಯ ಹಣ ಕೊಡಿಸಬಹುದು, ಈ ಪ್ರಶ್ನೆಗಳಿಗೆ ಉತ್ತರ ಕೊಡಿಸಲಾರದು.

ಕೇಳಿದ ಮೇಲೆ ಕೆಲವರು ಹೋಗದೆ ಉಳಿಯಬಹುದು. ಬಹಳ ಮಂದಿ ಹೋಗುತ್ತಾರೆ, ಹೋಗಲಿ. ಕೆಲವರಿಗೆ ಹೋಗದೆ ಗತಿಯಿಲ್ಲ, ಸಾಲವಿದೆ, ಕೆಲಸವಿಲ್ಲ. ಎಷ್ಟೋ ತಂದೆತಾಯಿಗೆ ಆ ಹಿಮದ ನಾಡಿಗೆ ಹೋಗುವ ಆಸೆಯೇ ಇರುವುದಿಲ್ಲ. ಮಗನ ಮನಸ್ಸು ನೋಯಬಾರದೆಂದು ಬರುತ್ತೇವೆ ಎನ್ನುತ್ತಾರೆ. ಅವನು ಕರೆಸುತ್ತೇನೆಂದು ಇವರಿಗಾಗಿ ಹೇಳುತ್ತಾನೆ, ಇವರು ಬರುತ್ತೇವೆಂದು ಅವನಿಗಾಗಿ ಹೇಳುತ್ತಾರೆ.

ನಮ್ಮ ಹಿರಿಯರು ಮೊನ್ನೆ ಭಾನುವಾರ ಮತ್ತೆ ಸಿಕ್ಕಿದರು. ಮಗನಿಗೆ ಫೋನ್ ಮಾಡಿದ್ದರಂತೆ. "ಕೋಪ ಮಾಡಿಕೊಳ್ಳಲಿಲ್ಲ ಮೇಷ್ಟ್ರೇ. ನೋಡಪ್ಪಾ, ನಿಜ ಹೇಳು, ನಾವು ಅಲ್ಲಿಗೆ ಬಂದು ಇರುವುದು ಆಗುವ ಮಾತಾ ಅಂತ ಕೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದ. ಲೈನ್ ಹೋಯಿತೇನೋ ಅಂದುಕೊಂಡೆ. ಆಮೇಲೆ, ಇಲ್ಲ ಅಪ್ಪಾ, ಆಗುವ ಹಾಗೆ ಕಾಣುವುದಿಲ್ಲ ಅಂದ. ಅವಳು ಪಕ್ಕದಲ್ಲೇ ಇದ್ದಳು. ಅಳುತ್ತಾಳೆ ಅಂತ ಇದ್ದೆ, ಅಳಲಿಲ್ಲ. ಸರಿ, ಹಾಗಾದರೆ ಡಿಸೆಂಬರಿಗೆ ನೀನೇ ಬಾ, ಮಗುವನ್ನು ಕರಕೊಂಡು ಬಾ ಅಂದಳು. ಬಂದು ಒಂದು ತಿಂಗಳು ಇರುತ್ತಾನಂತೆ."

ಆಮೇಲೆ ದನಿ ತಗ್ಗಿಸಿ, ಬುಧವಾರ ಹೆಂಚು ಹೊದಿಸುವವರು ಬರುತ್ತಾರೆ, ರೀಪುಗಳಿಗೆ ಗೆದ್ದಲು ಹಿಡಿದಿದೆ, ಅವನ್ನೂ ಬದಲಿಸಬೇಕು, ದೇವಾಲಯದ ಉದ್ದನೆಯ ಏಣಿಯನ್ನು ಎರಡು ದಿನಕ್ಕೆ ಕೊಡಬಹುದೇ ಎಂದು ಗುರುಗಳನ್ನು ಕೇಳಿ ಹೇಳುತ್ತೀರಾ ಎಂದರು.